ಕರಡಿ ಹೊರಟಿದೆ, ಓವರ್

ನಮ್ಮ ಹೊಸ ಸಾಹೇಬರು ಕಾಡಿಗೆ ಬರುವಾಗ ಒಂದು ಪೆಟ್ಟಿಗೆಯ ತುಂಬ ರೋಮಾಂಚಕ ಕಾದಂಬರಿಗಳನ್ನು ತಂದಿದ್ದರು. ಎಲ್ಲದರಲ್ಲೂ ಒಬ್ಬ ಧೀರ ಅರಣ್ಯಾಧಿಕಾರಿ, ಒಂದು ಕೋವಿ, ರಟ್ಟಿನ ಮೇಲೆ ಬಾಯಿ ತೆರೆದ ಮೃಗ. ಪಾಪ, ಚಳಿಗಾಲ ಕಳೆದರೂ ಅವರು ಕಂಡ ಬಾಯಿ ತೆರೆದ ಪ್ರಾಣಿಯೆಂದರೆ ಊಟವಾದ ಮೇಲೆ ಆಕಳಿಸುವ ನಮ್ಮ ಗುಮಾಸ್ತರು ಮಾತ್ರ.

ಬಂದ ದಿನವೇ ಒಂದು ಆಜ್ಞೆ ಹೊರಡಿಸಿದ್ದರು: ವೈರ್‌ಲೆಸ್ಸಿನಲ್ಲಿ ಮನೆಯ ವಿಷಯ ಮಾತಾಡಿದವರು ಅಂದೇ ಕೆಲಸದಿಂದ ವಜಾ. ಅದು ನೇರವಾಗಿ ಬಿದ್ದದ್ದು ಇಬ್ಬರ ತಲೆಯ ಮೇಲೆ. ಒಬ್ಬ, ಬೆಟ್ಟದ ತುದಿಯ ಒಂಟಿ ಠಾಣೆಯ ಗಾರ್ಡ್. ಇನ್ನೊಬ್ಬಳು, ಕೆಳಗಿನ ಆಫೀಸಿನಲ್ಲಿ ವೈರ್‌ಲೆಸ್ ನೋಡಿಕೊಳ್ಳುವ ಅವನ ಹೆಂಡತಿ. ಮೊಬೈಲು ಅರ್ಧ ದಾರಿಯಲ್ಲೇ ಪ್ರಾಣ ಬಿಡುವ ಜಾಗ ಅದು. ಗಂಡ ಹೆಂಡತಿಗೆ ಸಂಜೆಯ ವರದಿಯೊಂದೇ ಗತಿ.

ಹೊಟ್ಟೆಪಾಡಿನ ಮುಂದೆ ಬುದ್ಧಿ ಚುರುಕಾಗುತ್ತದೆ ನೋಡಿ. ಇಬ್ಬರೂ ಮನೆಯ ಮಾತನ್ನೆಲ್ಲ ಕಾಡಿನ ಮಾತು ಮಾಡಿಕೊಂಡರು. "ಒಂಟಿ ಹಕ್ಕಿ ಸರಿಯಾಗಿ ಮೇಯ್ತಾ ಇಲ್ಲ, ಓವರ್" ಎಂದು ಅವನು ಹೇಳಿದರೆ ಅವನ ಅಡುಗೆ ಸೀದಿದೆ ಎಂದರ್ಥ. "ಮರಿಗೆ ಹಲ್ಲು ಬಂದಿದೆ, ಓವರ್" ಎಂದು ಅವಳು ಮಗುವಿನ ಸುದ್ದಿ ಕೊಟ್ಟ ಸಂಜೆ ಎಲ್ಲ ಠಾಣೆಗಳ ಗಾರ್ಡುಗಳೂ ಮೂಗು ಸೊರಗುಟ್ಟಿಸಿದರು. ಜೀಪಿನಲ್ಲಿ ಕೂತು ಕೇಳುತ್ತಿದ್ದ ಡ್ರೈವರ್ ನಾನೂ ಅಷ್ಟೆ. ಗುಟ್ಟು ಗೊತ್ತಿಲ್ಲದವರು ಸಾಹೇಬರು ಮತ್ತು ಕರಡಿ ಮಾತ್ರ.

ಕರಡಿ ಎಂದರೆ ಗಾರ್ಡಿನ ತಾಯಿ. ಮಗ ಸೊಸೆ ಪಕ್ಕ ಪಕ್ಕ ಕೂತರೆ ಸಾಕು, "ಏನೋ ಅದು ಗುಸುಗುಸು?" ಎಂದು ಶಿವಪೂಜೆಯಲ್ಲಿ ಕರಡಿ ಬಿಟ್ಟ ಹಾಗೆ ನಡುವೆ ಬಂದು ಕೂರುವ ಹೆಂಗಸು. ಸೊಸೆ ಆ ಮಾತಿನಿಂದ ಪೂಜೆಯನ್ನು ಬಿಟ್ಟು ಕರಡಿಯನ್ನು ಮಾತ್ರ ಎತ್ತಿಕೊಂಡಿದ್ದಳು.

ಒಂದು ಬೆಳಿಗ್ಗೆ ಅತ್ತೆ ಸೊಸೆಗೆ ಜೋರು ಜಗಳವಾಯಿತು. "ದಿನಾ ಅವನ ಜೊತೆ ಮಾತಾಡ್ತೀಯ, ನನಗೆ ಒಂದು ಮಾತಾದ್ರೂ ತಂದು ಹೇಳಿದೀಯಾ? ನಾನೇ ಹೋಗಿ ನೋಡ್ತೀನಿ" ಎಂದು ಮುದುಕಿ ಮಗನ ಹಳೆಯ ಕಪ್ಪು ಉಣ್ಣೆ ಕೋಟು ಹಾಕಿಕೊಂಡು, ಠಾಣೆಗೆ ಸಾಮಾನು ಒಯ್ಯುವ ಲಾರಿ ಹತ್ತಿಯೇಬಿಟ್ಟಳು. ಸೊಸೆ ಮಗುವನ್ನು ಪಕ್ಕದ ಮನೆಯವರ ಕೈಗೆ ಕೊಟ್ಟು ಆಫೀಸಿಗೆ ಓಡಿ ಬಂದಳು. ಗುಂಡಿ ಒತ್ತಿದಳು.

"ಕರಡಿ ಕೆರಳಿದೆ. ಬೆಟ್ಟದ ಕಡೆ ಹೊರಟಿದೆ. ತಡೆಯೋಕೆ ಹೋದವರ ಮೇಲೇ ಬಿದ್ದಿದೆ, ಓವರ್."

ಹಿಂದೆ ಟೀ ಲೋಟ ಹಿಡಿದು ಸಾಹೇಬರು ನಿಂತಿದ್ದರು, ಬಾಗಿಲಲ್ಲಿ ನಾನು.

"ಮನುಷ್ಯರ ಮೇಲೆ ಬಿತ್ತಾ?" ಅವರ ಮುಖದಲ್ಲಿ ಅಂಥ ಸಂತೋಷವನ್ನು ನಾನು ಸಂಬಳದ ದಿನವೂ ಕಂಡಿರಲಿಲ್ಲ. "ಜೀಪ್ ತೆಗಿ! ಬಲೆ ಹಾಕು! ಅರಿವಳಿಕೆ ಕೋವಿ ತಾ!"

ಆ ಹೆಣ್ಣುಮಗಳು ನನ್ನ ಮುಖ ನೋಡಿದಳು. ನಾನು ಬಾಯಿ ಬಿಟ್ಟರೆ ಒಂದೇ ಮನೆಯ ಎರಡು ಕೆಲಸ ಹೋಗುತ್ತವೆ. ಬಿಡದಿದ್ದರೆ ಮುದುಕಿಗೆ ಮದ್ದಿನ ಸೂಜಿ. ಇಂಥ ಇಕ್ಕಟ್ಟು ಶತ್ರುವಿಗೂ ಬೇಡ. ಲಾರಿಯನ್ನು ಹಿಂದೆ ಹಾಕಿ, ಠಾಣೆಯ ಕೆಳಗಿನ ತಿರುವಿನಲ್ಲಿ ಜೀಪು ನಿಲ್ಲಿಸಿದೆ. ಎಲ್ಲೆಲ್ಲೂ ಮಂಜು. ಸಾಹೇಬರು ಬಂಡೆಯ ಹಿಂದೆ ಕೋವಿ ಹಿಡಿದು ಕೂತರು. ಮೇಲಿನಿಂದ ಗಾರ್ಡ್ ಏದುಸಿರು ಬಿಡುತ್ತ ಓಡಿ ಬಂದ.

"ಸಾರ್, ಹೊಡೀಬೇಡಿ ಸಾರ್. ಅದು ವಯಸ್ಸಾದ ಕರಡಿ."

"ನಿನಗೆ ಹೇಗೆ ಗೊತ್ತು?"

"ಚಿಕ್ಕಂದಿನಿಂದ ನೋಡಿದೀನಿ ಸಾರ್."

ಅಷ್ಟರಲ್ಲಿ ಮಂಜಿನಲ್ಲಿ ಕಪ್ಪಗೆ ಏನೋ ಅಲುಗಿತು. ಕೆಳಗೆಲ್ಲೋ ಲಾರಿ ಕೆಸರಿನಲ್ಲಿ ಹೂತಿತ್ತು, ಮುದುಕಿಗೆ ಕಾಯುವ ತಾಳ್ಮೆ ಎಲ್ಲಿಯದು? ಬಾಗಿದ ಬೆನ್ನು, ಉಸ್ ಬುಸ್ ಎನ್ನುವ ಉಸಿರು. ಸಾಹೇಬರು ಗುರಿ ಇಟ್ಟರು. ನಾನು ಎರಡೂ ಕೈಯಿಂದ ಹಾರನ್ ಒತ್ತಿಬಿಟ್ಟೆ.

ಕರಡಿ ನೆಟ್ಟಗೆ ನಿಂತು ಬೈಯಿತು. "ಯಾವನೋ ಅದು ಹಾರನ್ ಹೊಡೆಯೋನು? ನಾನೇನು ಕಿವುಡೀನಾ?"

ಸಾಹೇಬರ ಕೋವಿ ಕೆಳಗಿಳಿಯಿತು. "ಅಮ್ಮಾ, ಬೇಗ ಈ ಕಡೆ ಬನ್ನಿ! ಇಲ್ಲೇ ಎಲ್ಲೋ ಕರಡಿ ಇದೆ!"

"ಕರಡೀನಾ?"

"ಹೌದಮ್ಮಾ. ಬೆಳಿಗ್ಗೆ ಕೆಳಗಿಂದ ಹೊರಟಿದೆ. ಕೆರಳಿದೆ. ತಡೆಯೋಕೆ ಹೋದವರ ಮೇಲೆ ಬಿದ್ದಿದೆ. ನಮ್ಮ ವೈರ್‌ಲೆಸ್ ಮೇಡಮ್ಮೇ ಹೇಳಿದ್ದು."

ಮುದುಕಿ ಮಗನನ್ನು ನೋಡಿದಳು. ಮಗ ತನ್ನ ಬೂಟು ನೋಡಿಕೊಂಡ. ನನ್ನನ್ನು ನೋಡಿದಳು. ನಾನು ಒರೆಸಿದ ಸ್ಟೀರಿಂಗನ್ನೇ ಮತ್ತೆ ಒರೆಸಿದೆ. ಅವಳ ಮುಖ ನಿಧಾನವಾಗಿ ಕೆಂಪೇರಿತು. ಅರ್ಥವಾಗಿತ್ತು. ಒಂದೇ ಒಂದು ಮಾತು ಹೇಳಿದರೆ ಸಾಕು, ಸೊಸೆ ಸಂಜೆಗೆ ಕೆಲಸ ಕಳೆದುಕೊಂಡು ಮನೆಯಲ್ಲಿರುತ್ತಾಳೆ. ನಾನು ಕಣ್ಣು ಮುಚ್ಚಿಕೊಂಡೆ.

"ಕಂಡೆ ಅದನ್ನ," ಎಂದಳು ಮುದುಕಿ.

"ಎಲ್ಲಿ? ಎಲ್ಲಿ?"

"ಆ ತಿರುವಿನಲ್ಲಿ. ಮುದಿ ಕರಡಿ, ಏನೂ ಮಾಡಲ್ಲ. ಅದರ ಮರಿ ಬೆಟ್ಟ ಹತ್ತಿ ಕೂತುಬಿಟ್ಟಿದೆ. ಹೇಗಿದೆ ಅಂತ ಯಾರೂ ಹೇಳೋರಿಲ್ಲ ಅದಕ್ಕೆ. ಅದಕ್ಕೇ ಕೆರಳಿದ್ದು."

ಗಾರ್ಡ್ ಮುಖ ತಿರುಗಿಸಿಕೊಂಡ. ಸಾಹೇಬರು ಮಾತ್ರ "ಎಂಥ ಸೂಕ್ಷ್ಮ ದೃಷ್ಟಿಯಮ್ಮ ನಿಮ್ಮದು!" ಎಂದು ಅವಳಿಗೆ ಕೈಮುಗಿದು, ಇಂಗು ತಿಂದ ಮಂಗನ ಹಾಗೆ ಜೀಪು ಹತ್ತಿದರು.

ಆ ಸಂಜೆ ಸಾಹೇಬರು ವೈರ್‌ಲೆಸ್ ಕೋಣೆಯಲ್ಲೇ ಕುರ್ಚಿ ಹಾಕಿಕೊಂಡು ಕೂತರು. ಹೊತ್ತಿಗೆ ಸರಿಯಾಗಿ ಗಾರ್ಡಿನ ದನಿ ಬಂತು. "ಕರಡಿ ಠಾಣೆಯ ಹತ್ತಿರವೇ ಇದೆ. ಹೊಟ್ಟೆ ತುಂಬಾ ತಿಂದಿದೆ, ಓವರ್." ಆಮೇಲೆ ಏನೋ ಎಳೆದಾಟದ ಸದ್ದು. ಆಮೇಲೆ ಗಡಸು ದನಿ: "ಕೆಳಗಿರೋ ಆ ನರಿಗೆ ಹೇಳಿ. ಕರಡಿ ಇಲ್ಲಿರೋವರೆಗೂ ಅದಕ್ಕೂ ದಿನಾ ಪುಟ್ಟ ಮರಿಯ ವರದಿ ಬೇಕು. ಏನಂತಾರೆ ಅದನ್ನ... ಓವರ್!"

"ಯಾರದು ದನಿ?" ಎಂದರು ಸಾಹೇಬರು.

"ಮಂಜು ಸಾರ್. ಮಂಜಿದ್ರೆ ದನಿ ಒಡೆಯುತ್ತೆ," ಎಂದೆ.

ಸೊಸೆ ಗುಂಡಿ ಒತ್ತಿದಳು. ಬಿಟ್ಟಳು. ಸೆರಗಿನಿಂದ ಮೂಗೊರೆಸಿಕೊಂಡು ಮತ್ತೆ ಒತ್ತಿದಳು.

"ಇಲ್ಲಿ ಪುಟ್ಟ ಮರಿ ಬೆಳಿಗ್ಗೆಯಿಂದ ಕರಡಿಯನ್ನೇ ಹುಡುಕ್ತಾ ಇದೆ," ಎಂದಳು. "ನರಿನೂ, ಓವರ್."