ಮನಸು ಹತ್ತುವ ತನಕ

ಅಳುವುದನ್ನು ನಾನು ಥಾಯ್ಲೆಂಡಿನಲ್ಲಿ ಕಲಿತೆ. ನಿಜವಾದ ಅಳುವಲ್ಲ, ಅದು ಎಲ್ಲರಿಗೂ ಹುಟ್ಟುತ್ತಲೇ ಬರುತ್ತದೆ. ನಾನು ಕಲಿತದ್ದು ಫೋನಿನಲ್ಲಿ ಅಳುವುದನ್ನು.

ಮೊದಲ ಎರಡು ವಾರ ಅತ್ತದ್ದೇನೋ ನಿಜವೇ. ಲಂಪಾಂಗ್ ಎಂಬ ಊರಿನ ಶಾಲೆಗೆ ಇಂಗ್ಲಿಷ್ ಟೀಚರ್ ಆಗಿ ಸೇರಿದ್ದೆ. ಅಲ್ಲಿಯ ಭಾಷೆ ಬಾರದು, ಅನ್ನ ಅಂಟಂಟು, ಯಾವ ಪಲ್ಯ ಮೂಸಿದರೂ ಮೀನಿನ ವಾಸನೆ. ಹಂಪಿ ಪಕ್ಕದ ಕಡ್ಡಿರಾಂಪುರದಲ್ಲಿರುವ ಅವ್ವನಿಗೆ ವಿಡಿಯೊ ಕಾಲ್ ಮಾಡಿ, "ಇಲ್ಲಿ ನನಗ ಮನಸು ಹತ್ತವಲ್ದು ಅವ್ವಾ, ವಾಪಸ್ ಬಂದುಬಿಡ್ತೀನಿ" ಎಂದು ಗೊಳೋ ಎಂದು ಅತ್ತಿದ್ದೆ. ಅವ್ವ, ಅಂದರೆ ತಿಪ್ಪಕ್ಕ, ಬಾಳೆ ತೋಟಗಳಲ್ಲಿ ಕೂಲಿ ಮಾಡುವವಳು. ಫೋನನ್ನು ಹೇಗೆ ಹಿಡಿದರೂ ಅವಳ ಹಣೆ ಮತ್ತು ಮನೆಯ ತಗಡು ಮಾತ್ರ ಕಾಣುತ್ತವೆ. ಅವತ್ತು ಆ ಹಣೆ, "ತಾಯಿ ಹುಲಿಗೆಮ್ಮಾ" ಎಂದು ಫೋನ್ ಇಟ್ಟಿತು.

ಆಮೇಲೆ ಎಲ್ಲ ಸರಿಹೋಯಿತು. ಸರಿಹೋಯಿತು ಎಂದರೆ ಕಡಿಮೆ ಹೇಳಿದಂತೆ. ನಾನು ಅಷ್ಟು ಸುಖವಾಗಿ ಎಲ್ಲಿಯೂ ಇದ್ದವಳಲ್ಲ. ಮಕ್ಕಳು "ಟೀಚಾ ಅನು" ಎಂದು ಕೈಮುಗಿದು ಬಗ್ಗುತ್ತಿದ್ದವು. ಮನೆಯೊಡತಿ ಪಾ ನೊಯ್ ಬಾಗಿಲಿಗೆ ಮಾವಿನಹಣ್ಣು ಇಟ್ಟು ಹೋಗುತ್ತಿದ್ದಳು. ಹಿಂದೆ ಕಂಪ್ಲಿಯ ಶಾಲೆಯೊಂದರಲ್ಲಿ ಪಾಠ ಮಾಡುವಾಗ ಬಾಡಿಗೆಗೆ ಕೋಣೆ ಕೇಳಿದರೆ, "ನೀವು ಯಾವ ಮಂದಿ?" ಎನ್ನುತ್ತಿದ್ದರು. ಹೇಳಿದ ಮೇಲೆ ಕೋಣೆ ಖಾಲಿ ಇರುತ್ತಿರಲಿಲ್ಲ. ಹಾಗಾಗಿ ನಾನು ದಿನವೂ ಬಸ್ಸಿಗೆ ಜೋತು ಬೀಳುತ್ತಿದ್ದೆ. ಪಾ ನೊಯ್ ಕೇಳಿದ್ದು ಒಂದೇ, ನನಗೆ ಬೆಕ್ಕೆಂದರೆ ಭಯವೇ ಅಂತ.

ಇದನ್ನೆಲ್ಲ ಅವ್ವನಿಗೆ ಹೇಳಬೇಕಿತ್ತು. ಹೇಳಲಿಲ್ಲ. ಮಗಳು ಹೊರಟ ಆರು ವಾರಕ್ಕೇ ಕುಣಿದಾಡುತ್ತಿದ್ದಾಳೆ ಎಂದರೆ ಆ ಜೀವಕ್ಕೆ ಹೇಗಾಗಬೇಡ? ತನ್ನನ್ನು ನೆನೆದು ಕೊರಗುವ ಮಗಳೇ ಅವ್ವನಿಗೆ ಹಿತ ಎಂದು ನಾನೇ ತೀರ್ಮಾನಿಸಿಬಿಟ್ಟೆ. ಅಲ್ಲಿಯ ಗೆಳತಿಯರು ಸ್ಕೂಟರ್ ಹತ್ತಿ ಕೆಳಗೆ ಹಾರ್ನ್ ಹೊಡೆಯುತ್ತಿದ್ದರೆ, ನಾನು ಬಚ್ಚಲಿನಲ್ಲಿ ನಿಂತು, "ಮಾತಾಡಾಕ ಒಂದು ನರಪಿಳ್ಳೆ ಇಲ್ಲ ಅವ್ವಾ" ಎನ್ನುತ್ತಿದ್ದೆ. ಪ್ರತಿ ಭಾನುವಾರ ಇದೇ ನಾಟಕ. ನಾನು ಒಳ್ಳೆಯ ಮಗಳು ಎಂದು ನನಗೆ ನಾನೇ ಬೆನ್ನು ತಟ್ಟಿಕೊಳ್ಳುತ್ತಿದ್ದೆ, ನಾಚಿಕೆಗೇಡಿ.

ಏಪ್ರಿಲ್‌ನಲ್ಲಿ ರಜೆಗೆ ಬಂದೆ. ಹೊಸಪೇಟೆ ಸ್ಟೇಷನ್ನಿಗೆ ಅವ್ವ, ಅಣ್ಣ ದುರುಗೇಶ್ ಇಬ್ಬರೂ ಬಂದಿದ್ದರು. ಅಣ್ಣ ಹಂಪಿಗೆ ಆಟೋ ಓಡಿಸುತ್ತಾನೆ. ಅವ್ವ ನನ್ನ ಕೆನ್ನೆ ಸವರಿ, "ಎಷ್ಟು ಸೊರಗೀಯವ್ವಾ" ಎಂದಳು. ನಾನು ಚೆನ್ನಾಗಿ ದಪ್ಪಗಾಗಿದ್ದೆ. ಆಗಲೇ ಅವಳ ಕಾಲು ನೋಡಿದೆ. ಹಿಮ್ಮಡಿ ಸೀಳಿ ಒಳಗಿನ ಕೆಂಪು ಕಾಣುತ್ತಿತ್ತು. ಹೆಬ್ಬೆರಳಿಗೆ ಸೀರೆಯ ಚಿಂದಿ ಸುತ್ತಿತ್ತು.

"ಚಪ್ಲಿ ಎಲ್ಲವ್ವಾ?"

"ಹರದಾವ."

"ಹರದ್ರ ಬ್ಯಾರೆ ತಗೋಬೇಕಪ್ಪ. ಅಣ್ಣಾ, ಬಸ್ ಸ್ಟ್ಯಾಂಡ್ ಹತ್ರ ಆಟೋ ನಿಲ್ಸು, ಮೊದಲು ಈಕಿಗೆ ಒಂದು ಜೋಡು ಕೊಡ್ಸೋಣ."

"ಈಗ ಬ್ಯಾಡ," ಎಂದಳು ಅವ್ವ. ಅಣ್ಣ ಆಟೋ ನಿಲ್ಲಿಸಲಿಲ್ಲ. ನನಗೆ ಸಿಟ್ಟು ಬಂತು. ಇಷ್ಟು ಬಿಸಿಲಲ್ಲಿ, ಹಂಪಿಯ ಕಾದ ಬಂಡೆಯ ಮೇಲೆ ಬರಿಗಾಲಲ್ಲಿ ಓಡಾಡುವ ಹಟ ಏನಿದು? ಊರು ಬರುವವರೆಗೂ ಇಬ್ಬರನ್ನೂ ಬೈದೆ. ವಿದೇಶದಿಂದ ಬಂದವಳ ಗತ್ತು ಬೇರೆ.

ಮರುದಿನ ಅಣ್ಣ ಆಟೋ ತೊಳೆಯುವಾಗ ಮತ್ತೆ ಶುರುಮಾಡಿದೆ. ಅವನು ಚಿಂದಿಬಟ್ಟೆಯನ್ನು ಬಕೆಟ್ಟಿಗೆ ಎಸೆದು ನನ್ನತ್ತ ತಿರುಗಿದ.

"ಲೇ ಅನ್ಸೂಯಾ, ಬಾಯಿ ಮುಚ್ಚು. ಆಕಿ ಹರಕಿ ಹೊತ್ತಾಳ. ನೀ ಮೊದಲ ಸಲ ಅತ್ತೀದಿ ನೋಡು, ಅವತ್ತ ಹುಲಿಗೆಮ್ಮಗ ಬೇಡ್ಕೊಂಡ್ಲು. ಮಗಳಿಗೆ ಅಲ್ಲಿ ಮನಸು ಹತ್ತೋ ತನಕ ಕಾಲಿಗೆ ಚಪ್ಲಿ ಹಾಕಲ್ಲ ಅಂತ. ವಾರಾ ವಾರಾ ಫೋನ್ ಇಟ್ಟ ಮ್ಯಾಲ ನನ್ನ ಕೇಳ್ತಿದ್ಲು, ಇವತ್ತಾರ ಸ್ವಲ್ಪ ನಕ್ಕಂಗ ಕಂಡ್ಲೇನಪ್ಪ ಅಂತ. ನಿನಗ ಹೇಳಬ್ಯಾಡ ಅಂದಿದ್ಲು."

ನನ್ನ ಒಂದೊಂದು ಸುಳ್ಳು ಭಾನುವಾರಕ್ಕೂ ಅವಳು ಇನ್ನೊಂದು ವಾರ ಮುಳ್ಳು ತುಳಿದಿದ್ದಳು. ನಾನು ಸ್ಕೂಟರ್ ಹತ್ತಿ ಸಂತೆಗೆ ಹೋಗುತ್ತಿದ್ದೆ, ಇವಳು ಇಲ್ಲಿ ಬಾಳೆಗೊನೆ ಹೊತ್ತು ಕಾದ ಡಾಂಬರಿನ ಮೇಲೆ ನಡೆಯುತ್ತಿದ್ದಳು. ನನ್ನ ಮೇಲೆ ನನಗೇ ಹೇಸಿಗೆಯಾಯಿತು.

ಅವ್ವ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಹೋಗಿ ಎದುರಿಗೆ ಕೂತೆ.

"ಅವ್ವಾ, ನನಗ ಅಲ್ಲಿ ಮನಸು ಹತ್ತೈತಿ. ಯಾವಾಗೋ ಹತ್ತೈತಿ."

ಅವಳು ತಲೆ ಎತ್ತಲಿಲ್ಲ. "ದುರುಗ್ಯಾ ಹೇಳಿದ್ನಾ? ಅವನ ಬಾಯಾಗ ಒಂದು ಮಾತು ನಿಲ್ಲಂಗಿಲ್ಲ."

"ಖರೇನ ಹೇಳಾಕತ್ತೀನಿ."

"ನನ್ನ ಕಾಲು ನೋಡಿ ಹೇಳಾಕತ್ತಿ. ಹೋದ ವಾರನ ಅಷ್ಟು ಅತ್ತೀಯಲ್ಲ. ದೇವ್ರ ಮುಂದ ಸುಳ್ಳು ನಡಿಯಲ್ಲ, ಸುಮ್ನಿರು."

ಮಾಡಿದ್ದುಣ್ಣೋ ಮಹಾರಾಯ. ಸುಳ್ಳು ಹೇಳುವಾಗ ಇಲ್ಲದ ಅನುಮಾನ ನಿಜ ಹೇಳುವಾಗ ಬಂದಿತ್ತು. ಫೋನ್ ತೆಗೆದು ಫೋಟೊ ತೋರಿಸಿದೆ. ಪಾ ನೊಯ್, ಬೆಕ್ಕು, ಮಕ್ಕಳ ನಡುವೆ ಹಲ್ಲು ಕಿರಿಯುತ್ತಿರುವ ನಾನು.

"ಫೋಟೊದಾಗ ಎಲ್ಲಾರೂ ನಗ್ತಾರ," ಎಂದಳು.

ಇನ್ನು ಒಂದೇ ದಾರಿ ಉಳಿದಿತ್ತು. ಆ ಮಾತನ್ನು ನಾನು ಯಾರಿಗೂ ಹೇಳುವವಳಲ್ಲ, ಅವಳಿಗಂತೂ ಅಲ್ಲವೇ ಅಲ್ಲ.

"ಅವ್ವಾ, ರಜೆ ಹದಿನೈದೇ ದಿನ ಅಂದಿದ್ದೆನಲ್ಲ, ಅದು ಸುಳ್ಳು. ಎರಡು ತಿಂಗಳು ಐತಿ. ಉಳಿದದ್ದು ಗೆಳತ್ಯಾರ ಜೋಡಿ ಸಮುದ್ರಕ್ಕ ಹೋಗಾಕ ಇಟ್ಕೊಂಡೀನಿ."

ಅವ್ವನ ಕೈ ರೊಟ್ಟಿಯ ಮೇಲೆ ನಿಂತಿತು. "ಮನಿ ಬಿಟ್ಟು?"

"ಹೂಂ."

"ಇಲ್ಲಿ ಇರಾಕ ಬ್ಯಾಸರಾತಾ?"

ಇಲ್ಲ ಎಂದರೆ ಅವಳ ಕಾಲು ಹಾಗೇ ಉಳಿಯುತ್ತದೆ. "ಹೂಂ ಅವ್ವಾ. ಅಲ್ಲಿ ಇರೋವಾಗ ಎಷ್ಟೋ ದಿನ ನಿನ್ನ ನೆನಪ ಆಗಲ್ಲ ನನಗ. ಭಾನುವಾರ ಬಂತಲ್ಲ, ಅಳಬೇಕಲ್ಲ ಅಂತ ಅಷ್ಟ ನೆನಪಾಗ್ತಿತ್ತು."

ಅವಳು ನನ್ನ ಮುಖವನ್ನೇ ನೋಡಿದಳು. ತವೆಯ ಮೇಲಿನ ರೊಟ್ಟಿ ಸೀದು ಹೊಗೆಯೆದ್ದಿತು. ಬೈಯಲಿ, ಕೊಳ್ಳಿ ತೆಗೆದು ಹೊಡೆಯಲಿ ಎಂದು ಕಾದೆ. ಅವಳ ಮುಖ ಮೆಲ್ಲಗೆ ಅರಳತೊಡಗಿತು.

"ಖರೇನ? ನನ್ನಾಣೆ?"

"ನಿನ್ನಾಣೆ."

"ಏ ದುರುಗ್ಯಾ!" ಎಂದು ಕೂಗುತ್ತಾ ಹಿಟ್ಟಿನ ಕೈಯಲ್ಲೇ ಎದ್ದು ಹೊರಗೆ ಓಡಿದಳು. "ನಾಳೆ ಬಾಡಿಗಿ ಗೀಡಿಗಿ ಒಪ್ಕೋಬ್ಯಾಡ. ಜಲ್ದಿ ಎದ್ದು ಹುಲಿಗಿಗೆ ಹೋಗಬೇಕು!"

ಮರುದಿನ ಮಂಗಳವಾರ, ಹುಲಿಗೆಮ್ಮನ ಊರಾದ ಹುಲಿಗಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಹೊಳೆಯಲ್ಲಿ ಮುಳುಗೆದ್ದು, ಒದ್ದೆ ಸೀರೆಯಲ್ಲೇ ಅವ್ವ ಸಾಲಿನಲ್ಲಿ ನಿಂತಳು. ಮೊರದಲ್ಲಿ ರವಿಕೆಯ ಕಣ, ಬಳೆ, ಎಲೆ ಅಡಿಕೆ. ನಾನು ಹಿಂದೆ ನಿಂತು ಅವಳ ಹಿಮ್ಮಡಿಯನ್ನು ನೋಡುತ್ತಿದ್ದೆ, ನೋಡುವುದು ಬೇಡವೆಂದು ಬೇರೆ ಕಡೆ ತಿರುಗುತ್ತಿದ್ದೆ. ಗರ್ಭಗುಡಿಯ ಮುಂದೆ ಬಂದಾಗ ಅವಳು ಎರಡೂ ಕೈಯನ್ನು ತಲೆಯ ಮೇಲೆ ಎತ್ತಿ ಮುಗಿದಳು.

"ತಾಯಿ, ನೀ ದೊಡ್ಡಾಕಿ! ನಡಿಸಿಕೊಟ್ಟಿ!" ಎಂದು ಗಟ್ಟಿಯಾಗಿ ಕೂಗಿದಳು. "ನನ್ನ ಮಗಳಿಗೆ ಈಗ ನನ್ನ ನೆನಪ ಆಗಲ್ಲಂತ!"

ಸಾಲಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ಅವ್ವ ನನ್ನ ತೋಳು ಹಿಡಿದು ಮುಂದಕ್ಕೆ ಎಳೆದು, "ಈಕೀನ ನೋಡ್ರಿ, ನನ್ನ ಮಗಳು" ಎಂದು ಅವರಿಗೆಲ್ಲ ತೋರಿಸಿದಳು.