ಕಲ್ಲು ಯಾವ ಕಡೆಗೆ ವಾಲಿದೆ?

ಪ್ಲಾಕೋತಿ ಎಂಬ ಬೆಟ್ಟದೂರಿಗೆ ಬಸ್ಸು ಬರುತ್ತಿರಲಿಲ್ಲ. ಕಾರಣ ಒಂದೇ, ತಿರುಗಿಸಲು ಜಾಗವಿರಲಿಲ್ಲ. ಕೆಳಗಿನ ಊರಲ್ಲಿ ಜನರನ್ನು ಇಳಿಸಿ, ಬಂದ ದಾರಿಯಲ್ಲೇ ಹಿಂದೆ ಹೋಗುತ್ತಿತ್ತು. ಮೇಲೆ, ಪಿಂಡೋಸ್ ಬೆಟ್ಟದ ಮಗ್ಗುಲಲ್ಲಿ ಅರೆತಿಯ ಕಾಫಿ ಅಂಗಡಿ ದಿನಾ ಬೆಳಿಗ್ಗೆ ಬಾಗಿಲು ತೆರೆಯುತ್ತಿತ್ತು. ಒಳಗೆ ಕಾಲಿಡುತ್ತಿದ್ದದ್ದು ಬೆಕ್ಕು, ಗಾಳಿ, ಆಗೊಮ್ಮೆ ಈಗೊಮ್ಮೆ ಊರಿನವನೇ ಆದ ಲಾಂಬ್ರೋಸ್.

ಅರೆತಿಗೆ ಐವತ್ತು ದಾಟಿತ್ತು. ಮದುವೆಯಾಗಿರಲಿಲ್ಲ. ಜೊತೆಗೆ ಅಂಗಡಿ ನಡೆಸುತ್ತಿದ್ದ ತಂಗಿ ತೀರಿಕೊಂಡು ಎರಡು ಚಳಿಗಾಲ ಕಳೆದಿತ್ತು. ಈಗಲೂ ಕೆಲವು ಬೆಳಿಗ್ಗೆ ಮರೆತು ಇಬ್ಬರಿಗೆ ಕಾಫಿ ಇಡುತ್ತಿದ್ದಳು. ಎರಡನೆಯದನ್ನೂ ತಾನೇ ಕುಡಿಯುತ್ತಿದ್ದಳು, ಆರಿದ ಮೇಲೆ.

"ಅಂಗಡಿ ಹಿಂದಿನ ಬೆಟ್ಟ ಒಂಚೂರು ಕಡಿದ್ರೆ ಬಸ್ಸು ತಿರುಗುತ್ತೆ ಲಾಂಬ್ರೋಸ್," ಅಂದಳು ಒಂದು ದಿನ. "ಬಸ್ಸು ಬಂದ್ರೆ ಜನ ಇಳೀತಾರೆ. ಇಳಿದ್ರೆ ಮಾತಾಡ್ತಾರೆ."

ಲಾಂಬ್ರೋಸನ ಹತ್ತಿರ ಬೆಟ್ಟ ಅಗೆಯುವ ಯಂತ್ರವಿತ್ತು. ಅವನು ಮೇಲೆ ಹತ್ತಿ ಬಂಡೆಗೆ ಹಾರೆಯಿಂದ ಹೊಡೆದ. ಕಿಡಿ ಹಾರಿತು.

"ಕಬ್ಬಿಣ ಕಣಕ್ಕ ಇದು! ಬೆಟ್ಟ ಎಲ್ಲೂ ಹೋಗಲ್ಲ. ಹೋಗೋರು ನಾವೇ."

ಕಡಿಯಲು ಅನುಮತಿ ಬೇಕಿತ್ತು. ಪರೀಕ್ಷೆಗೆಂದು ಇವಾಂಥಿಯಾ ಎಂಬ ಎಂಜಿನಿಯರ್ ಬಂದಳು. ಬೆಟ್ಟದಿಂದ ನೇರಕ್ಕೊಂದು, ಓರೆಗೊಂದು, ಪದರದ ಗುಂಟ ಒಂದು ಎಂದು ಕಲ್ಲಿನ ತುಂಡು ಕೊರೆದು ಯಾನ್ನಿನಾ ಪಟ್ಟಣಕ್ಕೆ ಒಯ್ದಳು. ಮತ್ತೆ ಬಂದಾಗ ಅರೆತಿ ಕೇಳದೆಯೇ ಕಾಫಿ ಇಟ್ಟಳು, ಸೊಪ್ಪಿನ ಕಡುಬು ತಂದಳು. ಮಾತಾಡಲು ಯಾರೋ ಬಂದರಲ್ಲ ಎಂಬ ಸಂಭ್ರಮ.

"ಅರೆತಕ್ಕ, ಇಲ್ಲಿ ಕಡೀಬೇಡಿ," ಅಂದಳು ಇವಾಂಥಿಯಾ.

"ಯಾಕೆ ತಾಯಿ? ಕಲ್ಲು ಮೆತ್ತಗಿದೆಯಾ?"

"ಇಲ್ಲ. ಪದರಕ್ಕೆ ಅಡ್ಡವಾಗಿ ಒತ್ತಿದ್ರೆ ಎಂಥ ಭಾರ ಬೇಕಾದ್ರೂ ಹೊರುತ್ತೆ. ಓರೆಯಾಗಿ ಒತ್ತಿದ್ರೆ ಅದೇ ಕಲ್ಲು ಪದರದ ಮೇಲೆ ಜಾರಿಬಿಡುತ್ತೆ."

"ಒಂದೇ ಕಲ್ಲು ಒಂದ್ಸಲ ಗಟ್ಟಿ, ಒಂದ್ಸಲ ಪೊಳ್ಳಾ? ಒಳ್ಳೇ ನಮ್ಮ ಪಾದ್ರಿ ಉಪವಾಸ ಇದ್ದ ಹಾಗಾಯ್ತು! ಚರ್ಚಲ್ಲಿ ಒಂದು, ಮನೇಲಿ ಒಂದು."

ಎದುರಿಗೆ ಕೂತಿದ್ದ ಲಾಂಬ್ರೋಸ್ ಹೊಟ್ಟೆ ಹಿಡಿದುಕೊಂಡು ನಕ್ಕ. ಇವಾಂಥಿಯಾಳಿಗೂ ನಗು ಬಂತು. ಪಕ್ಕದ ಮೇಜಿನಿಂದ ಇಸ್ಪೀಟಿನ ಕಟ್ಟು ತೆಗೆದು, ಅಂಗೈಯಿಂದ ಮೇಲಿಂದ ಒತ್ತಿದಳು. ಕಟ್ಟು ಅಲ್ಲಾಡಲಿಲ್ಲ. ಆಮೇಲೆ ಅದನ್ನು ಕಾಫಿ ತಟ್ಟೆಯ ಮೇಲಿಟ್ಟು ತಟ್ಟೆಯನ್ನು ಓರೆ ಮಾಡಿದಳು. ಕೆಳ ಅಂಚಿಗೆ ಬೆರಳು ಕೊಟ್ಟಿದ್ದಳು.

"ಈ ಬೆರಳೇ ಬೆಟ್ಟದ ಬುಡ. ನೀವು ಕಡಿಯೋಕೆ ಹೊರಟಿರೋದು ಇದನ್ನೇ."

ಬೆರಳು ತೆಗೆದಳು. ಎಲೆಗಳು ಸರ್ರನೆ ಜಾರಿ ಲಾಂಬ್ರೋಸನ ಮಡಿಲಿಗೆ ಬಿದ್ದವು.

"ಇಲ್ಲಿ ಪದರಗಳು ನಿಮ್ಮ ಅಂಗಡಿ ಕಡೆಗೇ ವಾಲಿವೆ ಅಕ್ಕ. ನಡುನಡುವೆ ತೆಳು ಜೇಡಿಮಣ್ಣಿದೆ, ನೆನೆದ್ರೆ ಸೋಪಿನ ಥರ. ಕಂಪ್ಯೂಟರಲ್ಲಿ ಈ ಬೆಟ್ಟದ ಮಾದರಿ ಮಾಡಿದೆ. ಬುಡ ಕಡಿದು, ಎಲ್ಲಾ ದಿಕ್ಕಿಗೂ ಒಂದೇ ಬಲ ಅಂತ ಹಾಕಿದಾಗ ನಿಂತ್ಕೊಳ್ತು. ದಿಕ್ಕು ದಿಕ್ಕಿಗೆ ಅದರದರ ಬಲ ಹಾಕಿ ನೋಡಿದೆ. ಕುಸಿದು ಬಿತ್ತು."

ಅರೆತಿ ಖಾಲಿ ತಟ್ಟೆಯನ್ನು ಎಳೆದುಕೊಂಡು ಒರೆಸಿದಳು.

"ಸಂಜೆ ನೀನು ಹೊರಟುಹೋಗ್ತೀಯ," ಅಂದಳು ಕೊನೆಗೆ. "ಬೆಟ್ಟ ಬಿದ್ರೆ ಒಂದು ದಿನ ಸಾಯ್ತೀನಿ. ಇಲ್ಲಿ ಒಬ್ಬಳೇ ಕೂತು ದಿನಾ ಸಾಯ್ತಿದೀನಲ್ಲ, ಅದನ್ನ ಯಾವ ಮಾದರೀಲಿ ಹಾಕ್ತೀಯ?"

ಸಂಜೆ ಇವಾಂಥಿಯಾ ಹೊರಟುಹೋದಳು. ಅನುಮತಿ ಸಿಗಲಿಲ್ಲ.

ಆದರೂ ಅರೆತಿ ಲಾಂಬ್ರೋಸನನ್ನು ಬಿಡಲಿಲ್ಲ. "ಒಂದು ಮೂಲೆ ಕಡಿ ಮಾರಾಯ. ಏನೂ ಆಗಲ್ಲ ಅಂತ ಅವರಿಗೆ ತೋರಿಸೋಣ," ಎಂದು ಗೋಗರೆದಳು. ಅವನು ಸೌದೆ ಕೊಟ್ಟಿಗೆಯ ಹಿಂದೆ ಒಂದು ಮೂಲೆ ಕಡಿದ. ಬೆಟ್ಟ ನಿಂತೇ ಇತ್ತು. ಆಮೇಲೆ ಮಳೆ ಹಿಡಿಯಿತು.

ಒಂದು ಬೆಳಿಗ್ಗೆ ಅರೆತಿ ಸೌದೆಗೆಂದು ಹೊರಟವಳು, ಬುಟ್ಟಿ ಮರೆತೆನೆಂದು ಬಾಗಿಲಿಗೆ ವಾಪಸಾದಳು. ಹಿಂದಿನಿಂದ ಬಟ್ಟೆ ಹರಿದಂಥ ಸದ್ದು. ತಿರುಗಿ ನೋಡುವಷ್ಟರಲ್ಲಿ ಹಾಸುಗಲ್ಲಿನಂಥ ಬಂಡೆಯೊಂದು ಇಡಿಯಾಗಿ ಜಾರಿ ಬಂದು ಕೊಟ್ಟಿಗೆಯ ಮೇಲೆ ಮಲಗಿತು. ಬಂಡೆ ಒಡೆದಿರಲಿಲ್ಲ. ಗಟ್ಟಿ ಕಲ್ಲು ಗಟ್ಟಿಯಾಗಿಯೇ ಬಂದಿತ್ತು.

"ಲಾಂಬ್ರೋಸ್! ಲಾಂಬ್ರೋಸ್!"

ಎದುರು ಬೆಟ್ಟ ಅವಳ ಕೂಗನ್ನೇ ವಾಪಸು ಕೊಟ್ಟಿತು. ಬೇರೆ ಯಾರೂ ಓಗೊಡಲಿಲ್ಲ. ಮಳೆಯಲ್ಲಿ ನೆನೆಯುತ್ತಾ ನಿಂತ ಅವಳಿಗೆ ಆಗ ಹೊಳೆಯಿತು: ತಾನು ಇದರಡಿ ಇದ್ದಿದ್ದರೆ ಯಾರಿಗೆ ಗೊತ್ತಾಗುತ್ತಿತ್ತು? ಯಾವಾಗ? ಅದುವರೆಗೆ ಸಾವಿಗೆ ಹೆದರದವಳು ಆ ಯೋಚನೆಗೆ ಹೆದರಿದಳು. ಒಳಗೆ ಹೋಗಿ ಇವಾಂಥಿಯಾಳಿಗೆ ಫೋನು ಮಾಡಿದಳು.

ಮಧ್ಯಾಹ್ನದ ಹೊತ್ತಿಗೆ ಇವಾಂಥಿಯಾ ಬಂದಳು.

"ಬೈದುಬಿಡು ತಾಯಿ, ನನ್ನ ಮೊಂಡುತನಕ್ಕೆ."

"ಬೈಯೋಕೆ ಆಮೇಲೂ ಟೈಮಿದೆ. ಮೊದಲು ಆಚೆ ಬನ್ನಿ, ಅಕ್ಕ."

ಮಳೆ ನಿಂತ ಮೇಲೆ ಕಡಿದ ಬುಡಕ್ಕೆ ಕಲ್ಲು ತುಂಬಿ ಭಾರ ಕೊಟ್ಟರು, ನೀರು ಹೋಗಲು ಕಾಲುವೆ ತೆಗೆದರು. ತಲೆ ತಗ್ಗಿಸಿಕೊಂಡೇ ಲಾಂಬ್ರೋಸ್ ಅದಕ್ಕೆ ದುಡಿದ. ಆಮೇಲೊಂದು ದಿನ ಇವಾಂಥಿಯಾ ಅರೆತಿಯನ್ನು ಬೆಟ್ಟದ ಬೆನ್ನು ದಾಟಿಸಿ ಆಚೆ ಮಗ್ಗುಲಿಗೆ ಕರೆದೊಯ್ದಳು. ಅಲ್ಲಿ ರಸ್ತೆಯ ಪಕ್ಕ ಮುಚ್ಚಿಹೋದ ಶಾಲೆಯೊಂದಿತ್ತು.

"ನೋಡಿ ಅಕ್ಕ. ಕಲ್ಲು ಅದೇ, ಪದರಾನೂ ಅದೇ. ಆದ್ರೆ ಈ ಕಡೆ ಪದರಗಳು ಬೆಟ್ಟದ ಒಳಕ್ಕೆ ವಾಲಿವೆ. ಇಲ್ಲೂ ಎಲ್ಲ ದಿಕ್ಕಿಂದ ಪರೀಕ್ಷೆ ಮಾಡಿದೀನಿ. ಸ್ವಲ್ಪ ಕಡಿದ್ರೆ ನಿಲ್ಲುತ್ತೆ."

ಅರೆತಿ ಬಗ್ಗಿ, ಕಲ್ಲಿನ ಗೆರೆಗಳ ಮೇಲೆ ಬೆರಳಾಡಿಸಿ, ವಾಲಿದ ದಿಕ್ಕನ್ನು ತಾನೇ ನೋಡಿಕೊಂಡಳು.

"ಇಷ್ಟು ವರ್ಷ ಬೆಟ್ಟ ನೋಡ್ಕೊಂಡೇ ಕೂತಿದ್ದೆ," ಅಂದಳು. "ಕಂಡಿದ್ದು ಈಗ."

ಈ ಸಲ ಅನುಮತಿ ಸಿಕ್ಕಿತು, ಅಲ್ಲಿ ಬಸ್ಸು ತಿರುಗಲು ಜಾಗವಾಯಿತು. ಅರೆತಿ ಶಾಲೆಯ ಒಂದು ಕೋಣೆಗೆ ಒಲೆ, ಕುರ್ಚಿ ಸಾಗಿಸಿದಳು. ಮೊದಲ ದಿನ ಬಸ್ಸಿನಿಂದ ಇಳಿದದ್ದು ಒಬ್ಬಳೇ ಹೆಂಗಸು. ಕಾಫಿ ಕುಡಿದು, ತನ್ನ ಮಂಡಿನೋವಿನ ಕಥೆಯನ್ನೆಲ್ಲ ಹೇಳಿ, ಅದೇ ಬಸ್ಸಿಗೆ ಹೋದಳು. ಮತ್ತೆ ಸದ್ದಿಲ್ಲ. ಅರೆತಿ ಲೋಟ ತೊಳೆದಿಟ್ಟು, ಇಳಿಜಾರಿನಲ್ಲಿ ಸಣ್ಣದಾಗುತ್ತಿದ್ದ ಬಸ್ಸನ್ನು ಕಾಣುವಷ್ಟು ದೂರ ನೋಡಿದಳು. ನಾಳೆಯೂ ಅದು ಬರುತ್ತದೆ.

ಅಕ್ಕಂದಿರೇ, ಅಣ್ಣಂದಿರೇ, ಮನೆ ಹಿಂದಿನ ಗುಡ್ಡಕ್ಕೆ ಯಂತ್ರ ಹಚ್ಚುವ ಮುಂಚೆ ತಿಳಿದವರನ್ನು ಕರೆಸಿ. "ಎಷ್ಟು ಗಟ್ಟಿ?" ಎಂದಷ್ಟೇ ಕೇಳಿ ಸುಮ್ಮನಾಗಬೇಡಿ. "ಯಾವ ದಿಕ್ಕಿಗೆ ಗಟ್ಟಿ? ಪದರ ಎತ್ತ ವಾಲಿದೆ? ಮಳೆಯಲ್ಲಿ ನೆನೆದರೆ ಏನಾಗುತ್ತದೆ?" ಎಂದೂ ಕೇಳಿ. ಗುಡ್ಡದ ನೆತ್ತಿಯಲ್ಲಿ ಬಿರುಕು ಕಂಡರೆ, ಮರಗಳು ವಾಲತೊಡಗಿದರೆ, ಒರತೆ ಕೆಸರಾದರೆ, ಮೊದಲು ಮನೆಯಿಂದ ಹೊರಬನ್ನಿ. ಮತ್ತೊಂದು ಮಾತು. ನಿಮ್ಮೂರ ಗುಡ್ಡದ ಬುಡದಲ್ಲಿ ಯಾರಾದರೂ ಒಂಟಿಯಾಗಿದ್ದರೆ, ಮಳೆ ಹಿಡಿದಾಗ ಹೋಗಿ ಅವರ ಬಾಗಿಲು ತಟ್ಟಿ. ಅವರು ಕೂಗುವವರೆಗೆ ಕಾಯಬೇಡಿ.