ಕಿಡಿಯಿಲ್ಲದ ಗರಗಸ

ನನ್ನ ಗಂಡ ಯುವರಾಜನಿಗೆ ಕಬ್ಬಿಣದ ಕೆಲಸವೆಂದರೆ ಕಿಡಿ. ಕಿಡಿ ಹಾರಬೇಕು, ಕಣ್ಣಿಗೆ ಕಪ್ಪು ಕನ್ನಡಕ ಇರಬೇಕು, ಎದುರಿಗೆ ಮೊಬೈಲು ನಿಂತಿರಬೇಕು. ಇಷ್ಟಿದ್ದರೆ ಕೈಯಲ್ಲಿರುವುದು ಉಕ್ಕೋ ಬದನೆಕಾಯಿಯೋ ಅವನಿಗೆ ಲೆಕ್ಕಕ್ಕಿಲ್ಲ. ಎದುರಿಗಿದ್ದಾಗ ‘ರೀ’ ಎಂದೇ ಕರೆಯುತ್ತೇನೆ. ಕತೆ ಹೇಳುವಾಗಲೂ ಆ ಖರ್ಚು ಯಾಕೆ?

ತಾಳಿಕೋಟೆಯಿಂದ ಮುದ್ದೇಬಿಹಾಳಕ್ಕೆ ಹೋಗುವ ರಸ್ತೆಯಲ್ಲಿ ನಮ್ಮ ತಗಡಿನ ಶೆಡ್ಡಿದೆ. ಅದರಲ್ಲಿ ಅರ್ಧ ಜಾಗ ಮಾವನವರು ಬಿಟ್ಟುಹೋದ ಗರಗಸದ್ದು. ಎರಡು ಗಾಲಿಗಳ ಮೇಲೆ ಹಲ್ಲಿನ ಪಟ್ಟಿ ಸುತ್ತುತ್ತದೆ, ಅದರ ಮೇಲೆ ಹಾಲುಬಣ್ಣದ ನೀರು ಸುರಿಯುತ್ತದೆ, ಉಕ್ಕು ಬಿಸಿಯಾಗದೆ ಸೀಳುತ್ತದೆ. ಕಿಡಿ ಇಲ್ಲ, ಅಬ್ಬರ ಇಲ್ಲ, ಮುದುಕಿ ಜಪ ಮಾಡಿದಂತೆ ಗುನುಗುನು ಸದ್ದು ಅಷ್ಟೆ. ಮಾವನವರು ಮಗನಿಗೆ ಕಲಿಸಲು ಹೋಗಿ ಕೈಸೋತು ಸೊಸೆಯಾದ ನನಗೆ ಕಲಿಸಿದರು. ಅವರು ಹೋದ ಮೇಲೆ ಅದನ್ನು ನಡೆಸುವವಳು ನಾನೇ.

ಯುವರಾಜನಿಗೆ ಆ ಗರಗಸ ಗುಜರಿಗೆ ಹೋಗಬೇಕಿತ್ತು. ಆ ಜಾಗದಲ್ಲಿ ಬಣ್ಣದ ಪರದೆ ಕಟ್ಟಿ, ದುಂಡಗಿನ ದೀಪ ಇಟ್ಟು, ಕಲ್ಲಿನ ಬಿಲ್ಲೆ ಗಿರಗಿರ ತಿರುಗಿ ಕಿಡಿ ಕಾರುವ ತನ್ನ ಕೈ ಗ್ರೈಂಡರಿನಿಂದ ಚಾಕು ಮಾಡುವ ವೀಡಿಯೊ ತೆಗೆಯಬೇಕಿತ್ತು. ಅವನು ಇದುವರೆಗೆ ಒಂದು ಚಾಕುವನ್ನೂ ಮಾಡಿ ಮುಗಿಸಿಲ್ಲ ಎಂಬುದು ಬೇರೆ ಮಾತು. ಶೆಡ್ಡು ಅತ್ತೆ ಕಸ್ತೂರೆವ್ವನ ಹೆಸರಿನಲ್ಲಿದೆ. ಮಗನ ವರಾತ ತಾಳಲಾರದೆ ಆಕೆ ಒಂದು ದಿನ ತೀರ್ಪು ಕೊಟ್ಟಳು.

“ಯುನೂಸ ತಂದ ಕೆಲಸ ಐತಲ್ಲ, ಅದನ್ನ ನಿನ್ನ ಗ್ರೈಂಡರಿನ್ಯಾಗ ಮಾಡಿ ತೋರ್ಸು. ಆತಂದ್ರ ಗರಗಸ ಹೋಗ್ಲಿ. ಆಗ್ಲಿಲ್ಲಂದ್ರ ಮತ್ತ ಆ ಮಾತು ಎತ್ತಬ್ಯಾಡ.”

ಯುನೂಸ ನಮ್ಮೂರಿನ ಕಟುಕ. ಮುಚ್ಚಿಹೋದ ಯಾವುದೋ ಕಾರ್ಖಾನೆಯಿಂದ ಇಟ್ಟಿಗೆ ದಪ್ಪದ ಉಕ್ಕಿನ ಗಟ್ಟಿ ತಂದಿದ್ದ. ಅದು ಅಚ್ಚು ಮಾಡುವ ಉಕ್ಕು, ಒಮ್ಮೆ ಸಾಣೆ ಹಿಡಿದರೆ ಬಹುದಿನ ಬಾಳುವಂಥದು. ಅದನ್ನು ತೆಳ್ಳಗೆ ಮೂರು ಪಟ್ಟಿಯಾಗಿ ಸೀಳಿಕೊಟ್ಟರೆ ಬಕ್ರೀದಿಗೆ ಮೂರು ಚಾಕು ಮಾಡಿಸಿಕೊಳ್ಳುತ್ತೇನೆ ಅಂದಿದ್ದ.

ಅಂಥ ಉಕ್ಕು ಹಾಗೇ ಸೀಳುವುದಿಲ್ಲ, ಮೊದಲು ಮೆತ್ತಗಾಗಬೇಕು. ಕೆಂಪಗೆ ಕಾಯಿಸಿ, ಬೂದಿಯಲ್ಲಿ ಹೂತು, ತಾನಾಗಿ ತಣ್ಣಗಾಗುವವರೆಗೆ ಬಿಡಬೇಕು. ಅವಸರ ಮಾಡಿದರೆ ಗಟ್ಟಿ ಇನ್ನಷ್ಟು ಬಿರುಸಾಗಿ ಕೂರುತ್ತದೆ. ಸೋಮವಾರ ನಸುಕಿನಲ್ಲಿ ನಾನೇ ಪಕ್ಕದ ಕಮ್ಮಾರಸಾಲೆಯಲ್ಲಿ ಕಾಯಿಸಿ ತಂದು ಬೂದಿ ಡಬ್ಬಿಯಲ್ಲಿ ಹೂತೆ.

“ನಾಳಿತನಕ ಯಾರೂ ಮುಟ್ಟಬ್ಯಾಡ್ರಿ,” ಎಂದು ಗಂಡನಿಗೆ ಹೇಳಿ ಸ್ನಾನಕ್ಕೆ ಹೋದೆ.

ಹೊರಗೆ ಬರುವಷ್ಟರಲ್ಲಿ ಶೆಡ್ಡಿನಲ್ಲಿ ಮದುವೆಮನೆಯ ಗದ್ದಲ. ಯುವರಾಜ ಜರತಾರಿ ಶಲ್ಯ ಹೊದ್ದಿದ್ದಾನೆ, ಅವನ ಗೆಳೆಯರು ಮೊಬೈಲು ಹಿಡಿದು ಸುತ್ತ ನಿಂತಿದ್ದಾರೆ. ರಾಹುಕಾಲ ಶುರುವಾಗುವ ಮುಂಚೆ ಮುಹೂರ್ತವಂತೆ. ಗಟ್ಟಿಯನ್ನು ಇಕ್ಕಳದಿಂದ ಎತ್ತಿ ಪೀಠದ ಮೇಲೆ ಇಟ್ಟಿದ್ದ. ಹಾಕಿದ ಚೆಂಡುಹೂವಿನ ಮಾಲೆ ಹೊಗೆಯಾಡುತ್ತಿತ್ತು. ಹೊಗೆ ಕಂಡರೂ ಆ ಪುಣ್ಯಾತ್ಮನಿಗೆ ಬಿಸಿ ಎಂದು ಹೊಳೆಯಲಿಲ್ಲ, ಧೂಪ ಹಾಕಿದಂಗಾತು ಎಂದು ಖುಷಿಪಟ್ಟ.

“ಏಯ್, ಬ್ಯಾಡ್ರೀ!” ಅಂದೆ.

“ವೀಡಿಯೊ ನಡದೈತಿ, ಒದರಬ್ಯಾಡ,” ಅಂದ. ಟೆಂಗಿನಕಾಯಿ ಒಡೆದ. ನೀರನ್ನು ಭಕ್ತಿಯಿಂದ ಗಟ್ಟಿಯ ನಡುನೆತ್ತಿಗೆ ಸುರಿದ.

ಚೊಂಯ್ ಎಂದಿತು. ಆಮೇಲೆ ಟಣ್ ಎಂದಿತು.

ಆ ಟಣ್ ಏನೆಂದು ಶೆಡ್ಡಿನಲ್ಲಿ ತಿಳಿದವಳು ನಾನೊಬ್ಬಳೇ. ಉಳಿದವರು ಚಪ್ಪಾಳೆ ತಟ್ಟಿದರು. ಯುವರಾಜ ಗ್ರೈಂಡರ್ ಎತ್ತಿದ. ಕಿಡಿ ಹಾರಿತೇನೋ ಹಾರಿತು, ದೀಪಾವಳಿಯೂ ನಾಚಬೇಕು. ಬೆರಳಷ್ಟು ಕೊರೆಯುವುದರೊಳಗೆ ಅಂಚು ನೀಲಿಯಾಯಿತು, ಕಲ್ಲು ಸಿಕ್ಕಿಕೊಂಡು ಚೂರಾಯಿತು, ನನ್ನ ಶೂರ ಪೀಠದ ಹಿಂದೆ ಕೂತುಬಿಟ್ಟ. ವೀಡಿಯೊದಿಂದ ಆ ಭಾಗವನ್ನು ಕತ್ತರಿಸಿ ಉಳಿದದ್ದನ್ನು ಹಾಕಿದ. ಸಂಜೆಯೊಳಗೆ ಸಿಂದಗಿಯಿಂದ, ಇಂಡಿಯಿಂದ ಹೃದಯದ ಚಿತ್ರಗಳು ಬಂದವು. ಮರುದಿನ ಬೆಳಿಗ್ಗೆಯೇ ಹೊಗಳಿಸಿಕೊಳ್ಳಲು ಗೆಳೆಯರ ಜೊತೆ ಬಸವನ ಬಾಗೇವಾಡಿಗೆ ಹೋದ. ಉಕ್ಕು ಏನಾಯಿತು ಎಂದು ತಿರುಗಿ ನೋಡಲಿಲ್ಲ.

ನಾನು ನೋಡಿದೆ. ಬಿರುಕು ಒಂದು ಮಗ್ಗುಲನ್ನು ತಿಂದಿತ್ತು. ಉಳಿದದ್ದರಲ್ಲಿ ಮೂರು ಪಟ್ಟಿ ಹೇಗೋ ಹೊರಡುತ್ತಿದ್ದವು. ಮತ್ತೆ ಕಾಯಿಸಿದೆ, ಮತ್ತೆ ಹೂತೆ. ಈ ಸಲ ಡಬ್ಬಿಯ ಮೇಲೆ ನಾನೇ ಕೂತೆ ಅಂದರೂ ನಡೆದೀತು. ಕೈಯಿಂದ ಮುಟ್ಟುವಷ್ಟು ತಣ್ಣಗಾದ ಮೇಲೆ ಕೆಟ್ಟ ಮಗ್ಗುಲನ್ನು ತೆಗೆದು ಗರಗಸಕ್ಕೆ ಕಟ್ಟಿದೆ. ಹಲ್ಲಿನ ಪಟ್ಟಿ ಗುನುಗುನು ಎಂದು ಇಳಿಯುತ್ತ ಹೋಯಿತು. ಎರಡು ಪಟ್ಟಿ ಬಂದವು, ಹಾಳೆಯಂತೆ ಸಮ. ಮೂರನೆಯದನ್ನು ಬೇಕೆಂದೇ ಬಿಟ್ಟೆ. ಉಳಿದ ಗಟ್ಟಿ ಗರಗಸದ ಹಿಡಿತದಲ್ಲೇ ಇರಲಿ ಎಂದು ಮೇಲೆ ಗೋಣಿಚೀಲ ಹೊದಿಸಿದೆ. ಗಂಡನ ಗುಣ ನನಗೆ ಗೊತ್ತಿಲ್ಲವೇ?

ಎಣಿಸಿದಂತೆಯೇ ಆಯಿತು. ಎರಡು ದಿನ ಬಿಟ್ಟು ಬಾಗೇವಾಡಿಯಿಂದ ಬಂದವನು ಮೇಜಿನ ಮೇಲಿದ್ದ ಪಟ್ಟಿಗಳನ್ನು ಕಂಡ. ಯಾರು ಸೀಳಿದರು ಎಂದು ಬಾಯಿಮಾತಿಗೂ ಕೇಳಲಿಲ್ಲ. ನೇರ ತಾಯಿಯ ಹತ್ತಿರ ಒಯ್ದ.

“ನೋಡವ್ವ, ಸೋಮಾರ ಗ್ರೈಂಡರಿನ್ಯಾಗ ಕೊಯ್ದದ್ದು. ಇನ್ನ ಗರಗಸ ಯಾಕ?”

“ಅತ್ತೀ...” ಅಂದೆ ನಾನು.

“ನೀ ಸುಮ್ನಿರವಾ. ಗಂಡ ಒಂದ್ ಕೆಲಸ ಮಾಡಿದ್ರೂ ಹೆಸರಿಡ್ತಿಯಲ್ಲ,” ಅಂದಳು ಅತ್ತೆ.

ನನಗೆ ಅಳು ಬಂತು. ದುಃಖದ್ದಲ್ಲ, ಸಿಟ್ಟಿನದು. ಮಾವನವರ ಗರಗಸವನ್ನು ಈ ಟೆಂಗಿನಕಾಯಿ ಪರಾಕ್ರಮಿ ತೂಕಕ್ಕೆ ಹಾಕುತ್ತಾನಲ್ಲ! ಸೊಸೆಯ ಮಾತು ನಡೆಯದ ಕಡೆ ಗಿರಾಕಿಯ ಮಾತು ನಡೆದೀತು ಎಂದು ಯುನೂಸನಿಗೆ ಫೋನು ಮಾಡಿ ಬರಹೇಳಿದೆ.

ಮರುದಿನ ಗುಜರಿಯವನ ಟೆಂಪೋ ಬಾಗಿಲಲ್ಲಿ ನಿಂತಾಗ ಯುನೂಸನೂ ಬಂದ. ಪಟ್ಟಿಯನ್ನು ಬೆಳಕಿಗೆ ಹಿಡಿದ, ಹೆಬ್ಬೆರಳು ಸವರಿದ.

“ಭಾರಿ ಆಗ್ಯಾವ. ಯಾರ್ ಕೊಯ್ದ್ರಿ?”

“ನಾನ,” ಅಂದ ಯುವರಾಜ. ಮೊಬೈಲು ತೆಗೆದ. “ಒಂದ್ಸಲ ಇದರ ಮುಂದ ಹೇಳ್ರಿ.”

“ಹೇಳೋಣಂತ. ಮೂರು ಕೇಳಿದ್ದೆ, ಎರಡ ಅದಾವ. ಮೂರನೇದು ಕೊಯ್ರಿ, ನಾ ನಿಂತ ನೋಡ್ತೇನಿ.”

ಯುವರಾಜ ಗ್ರೈಂಡರಿಗೆ ಕೈ ಹಾಕಿದ.

“ಅದರಾಗ ಕೊಯ್ದಿದ್ರ ಅಂಚು ನೀಲಿ ಆಗಿರ್ತಿತ್ತು ಅಣ್ಣಾರ. ಇವು ಗರಗಸದ ಗೆರಿ,” ಅಂದ ಯುನೂಸ.

ನಾನು ಗೋಣಿಚೀಲ ಎಳೆದೆ. ಹಿಡಿತದಲ್ಲಿ ಉಳಿದ ಗಟ್ಟಿ, ಅದರ ಮೇಲೆ ಅದೇ ಗೆರೆ.

ಅಷ್ಟಕ್ಕೇ ತಪ್ಪೊಪ್ಪಿಕೊಂಡಿದ್ದರೆ ಚೂರು ಮಾನವಾದರೂ ಉಳಿಯುತ್ತಿತ್ತು. ಅವನು ಒಪ್ಪಲಿಲ್ಲ. “ಹೌದ್ರಿ, ಇದರಾಗ ಕೊಯ್ದೆ. ಅವ್ವಗ ತಿಳಿಲಿಕ್ಕಿಲ್ಲಂತ ಗ್ರೈಂಡರ್ ಅಂದೆ,” ಎನ್ನುತ್ತ ಗರಗಸದ ಮುಂದೆ ಹೋಗಿ ನಿಂತ. ಬಲಕ್ಕೆ ನೋಡಿದ. ಗಾಲಿಯ ಮೇಲೆ ತಡಕಿದ. ಹಿಂದೆ ಹೋಗಿ ಬಂದ. ಗೋಡೆಯ ಮೇಲಿದ್ದ ಬಟನ್ ಒತ್ತಿದ, ಫ್ಯಾನು ತಿರುಗಿತು. ಹುಟ್ಟಿದಾಗಿನಿಂದ ಅದೇ ಶೆಡ್ಡಿನಲ್ಲಿ ಬೆಳೆದವನು! ನಾನು ಕೈಕಟ್ಟಿಕೊಂಡು ನಿಂತೆ.

ಅತ್ತೆ ಬಾಗಿಲಲ್ಲಿ ನಿಂತಿದ್ದಳು.

“ಸ್ವಿಚ್ಚು ಎಡಕ್ಕ, ಕೆಳಗ ಐತಿ,” ಅಂದಳು. “ಕೈ ಬಿಡುವಿರಂಗಿಲ್ಲಂತ ನಿಮ್ಮಪ್ಪ ಮೊಣಕಾಲಿಗೆ ಸಿಗೂವಂಗ ಹಚ್ಚಿಸಿದ್ದ. ದಿನಾ ರಾತ್ರಿ ಆ ಮೊಣಕಾಲಿಗೆ ಎಣ್ಣಿ ತಿಕ್ಕಿದಾಕಿ ನಾನು. ನನಗ ಗೊತ್ತೈತಿ, ನಿನಗ ಗೊತ್ತಿಲ್ಲ.”

ಗುಜರಿಯವನು ಹೊರಗಿನಿಂದ ಕೂಗಿದ. “ಯವ್ವಾ, ಯಾವ್ದು ಎತ್ತಲಿ?”

ಅತ್ತೆ ಗ್ರೈಂಡರನ್ನೂ ಅದರ ಪಕ್ಕ ಮಗ ಆಗಲೇ ತಂದಿಟ್ಟಿದ್ದ ದುಂಡಗಿನ ದೀಪವನ್ನೂ ತೋರಿಸಿದಳು. ಆಮೇಲೆ ನನ್ನ ಕಡೆ ತಿರುಗಿದಳು.

“ನಿಂತಿಯಲ್ಲ ರಾಜಶ್ರೀ, ಯುನೂಸ ಕಾಯಾಕತ್ತಾನ.”

ನಾನು ಸೆರಗು ಸಿಕ್ಕಿಸಿ, ಗಂಡನಿಗೆ “ಸ್ವಲ್ಪ ಸರೀರಿ” ಎಂದು ಮರ್ಯಾದೆಯಿಂದಲೇ ಹೇಳಿ, ಮೊಣಕಾಲಿನಿಂದ ಸ್ವಿಚ್ ಒತ್ತಿದೆ.